ಗುತ್ತೆವ್ವನ ಫೋನಿನೊಳಗಿನ ಊರು

ನಮ್ಮ ಹತ್ತಿಮತ್ತೂರಿನ ಗುತ್ತೆವ್ವನಿಗೆ ಫೋನೆಂದರೆ ಒಂದು ಊರು. ತಮಾಷೆಯಲ್ಲ, ಖರೇನೇ. ದಿನವಿಡೀ ಮೆಣಸಿನಕಾಯಿ ಬಿಡಿಸಿ ಬಂದರೂ ಸಂಜೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆ ಊರಿನ ನಕಾಶೆ ಬರೆದು ಓಣಿಯ ಹೆಂಗಸರಿಗೆಲ್ಲ ಫೋನು ಕಲಿಸಿದವಳು ಅವಳೇ.

"ಗ್ರೂಪ್ ಅಂದ್ರ ಊರ ಕಟ್ಟಿ, ನಾಲಿಗಿ ಬಿಗಿ ಹಿಡೀರಿ. ಯೂಟ್ಯೂಬ್ ಸವಣೂರ ಸಂತಿ, ಒಂದಕ್ಕ ಹೋಗಿ ಹತ್ತು ನೋಡ್ಕೊಂತ ನಿಂದ್ರಬ್ಯಾಡ್ರಿ. ಚಿಕ್ಕಿ, ಅದ ಸ್ಟಾರ್ ಗುರುತು ಹಾಕಿದ ಮೆಸೇಜು ದೇವರ ಕೋಣ್ಯಾಗ ಇಟ್ಟಂಗ. ಅಳಿಸಿ ಊರ ಅಗಸಿಬಾಗಿಲಾ ದಾಟಿಸಿದ್ದು ಮಾತ್ರ ತಿರುಗಿ ಬರೂದಿಲ್ಲ!"

ಅವಳು ಬೈಯುತ್ತಲೇ ಕಲಿಸಿದಳು, ನಾವು ನಗುತ್ತಲೇ ಕಲಿತೆವು.

ಅವಳ ಆ ದೇವರ ಕೋಣೆಯಲ್ಲಿದ್ದದ್ದು ಒಂದೇ, ತೀರಿಕೊಂಡ ಗಂಡ ಮಾಳಪ್ಪನ ದನಿ. ಒಮ್ಮೆ ಹೊಲದಿಂದ ಹೆಂಡತಿಗೆ ಕಳಿಸಲು ಹೋಗಿ ಮನೆಯವರ ಗ್ರೂಪಿಗೇ ಒತ್ತಿಬಿಟ್ಟಿದ್ದ: "ಗುತ್ತೀ, ರೊಟ್ಟಿ ತರೂ ಮುಂದ ಉಳ್ಳಾಗಡ್ಡಿ ಮರೀಬ್ಯಾಡಬೇ." ಹಂಸಭಾವಿಗೆ ಕೊಟ್ಟಿದ್ದ ಅವನ ತಂಗಿ ಶಾರವ್ವ ಅದನ್ನು ಕಂಡಕಂಡವರಿಗೆಲ್ಲ ಕೇಳಿಸಿ ನಕ್ಕಿದ್ದಳು. ಗುತ್ತೆವ್ವ ಕೆಂಡವಾದಳು. "ನಮ್ಮ ಮನೀ ಮಾತು ನಿಮ್ಮೂರಾಗ ಯಾಕ ತಿರಗತೈತಿ? ಅಳಿಸು!" ಅಳಿಸಿದೆ ಎಂದಳು ಶಾರವ್ವ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಮಾಳಪ್ಪನ ಮಣ್ಣಿನ ದಿನವೂ ದೂರ ದೂರ ಕುಳಿತೇ ಅತ್ತರು.

ಈ ಸಲ ಮಹಾನವಮಿಗೆ ಮನೆ ಸಾರಿಸಿದ ಗುತ್ತೆವ್ವ, ಫೋನನ್ನೂ ಹಸನು ಮಾಡಲು ಕುಳಿತಳು. ಕಟ್ಟೆಯ ಕಸವೆಂದು ಗ್ರೂಪಿನದೆಲ್ಲ ಗುಡಿಸಿ ಹಾಕಿದಳು. ಊರಲ್ಲಿ ಕಟ್ಟೆ ಗುಡಿಸಿದರೆ ದೇವರ ಕೋಣೆಯ ಸಾಮಾನು ಹೋಗುವುದಿಲ್ಲ. ಆ ಹಾಳು ಫೋನಿನಲ್ಲಿ ಎರಡೂ ಒಂದೇ ಜಾಗ, ಚಿಕ್ಕಿ ಬರೀ ಗುರುತು. ಮಾಳಪ್ಪನ ದನಿಯೂ ಕಸದೊಂದಿಗೇ ಹೋಯಿತು.

"ರಂಜನಾ, ಅವರನ್ನ ನಾನೇ ಗುಡಿಸಿ ಹೊರಗ ಹಾಕಿದ್ನಲ್ಲವಾ!" ಎಂದು ನಮ್ಮ ಬಾಗಿಲಿಗೆ ಬಂದು ಅತ್ತಳು. ಶಾರವ್ವನಿಗೆ ಫೋನ್ ಹಚ್ಚಿ ಕೇಳೋಣ, ಒಂದು ವೇಳೆ ಅಳಿಸಿರದಿದ್ದರೆ ಎಂದೆ.

"ಮಾತು ಬಿಟ್ಟಾಕಿ ನಾನು. ಫೋನ್‌ನ್ಯಾಗ ಯಾವ ಮುಖ ಇಟ್ಕೊಂಡು ಕೇಳ್ಲಿ? ಅವರ ಮನೀ ಹೊಸ್ತಿಲಕ್ಕೇ ಹೋಗ್ತೇನಿ."

ಎಂಥ ಹಟಮಾರಿ ಹೆಂಗಸು! ಬಸ್ಸು ಬದಲಿಸುತ್ತ ಹಂಸಭಾವಿಗೆ ಹೋದೆವು. ಅಳಿಸಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ನನಗೆ ಅದೇ ಚಿಂತೆ.

ಬಾಗಿಲಲ್ಲಿ ನಮ್ಮನ್ನು ಕಂಡು ಶಾರವ್ವ ಗಾಬರಿಯಾದಳು. ವಿಷಯ ಕೇಳಿ ತಲೆ ತಗ್ಗಿಸಿದಳು.

"ಸಿಟ್ಟಾಗಬ್ಯಾಡ್ರಿ ವೈನಿ. ಅಳಿಸೇನಿ ಅಂತ ಸುಳ್ಳು ಹೇಳಿದ್ದೆ. ನಮ್ಮಣ್ಣನ ದನಿ ಹೆಂಗ ಅಳಸ್ಲಿ?"

ಫೋನು ತಂದು ಒತ್ತಿದಳು. ಮಾಳಪ್ಪ ಉಳ್ಳಾಗಡ್ಡಿ ಕೇಳಿದ. ಅತ್ತಿಗೆ ನಾದಿನಿ ಇಬ್ಬರೂ ತಬ್ಬಿಕೊಂಡು ಅತ್ತರು, ನನಗೂ ತಡೆಯಲಾಗಲಿಲ್ಲ.

ಸೆರಗಿನಿಂದ ಕಣ್ಣೊರೆಸಿಕೊಂಡು ಶಾರವ್ವ ಹೇಳಿದಳು: "ನಿಮಗ ಕಳಿಸಿ, ನನ್ನ ಕಡೇದ್ದು ಅಳಿಸಿಬಿಡ್ತೇನ್ರಿ. ಈ ಸಲ ಖರೇನೇ."

ಗುತ್ತೆವ್ವ ಫೋನಿನ ಸಮೇತ ಅವಳ ಕೈ ಹಿಡಿದುಕೊಂಡಳು.

"ಬ್ಯಾಡವಾ. ಅವರು ಎರಡೂ ಊರಾಗ ಇರ್ಲಿ."