ಯಾವನು ಮಾಡಿದ್ದು ಈ ವೈರಿಂಗು?

ಕೊಡ್ಲಿಪೇಟೆಯ ಆಟೋ ಎಲೆಕ್ಟ್ರಿಷಿಯನ್ ಲೋಕಣ್ಣನಿಗೆ ಇನ್ನೊಬ್ಬರು ಮಾಡಿದ ವೈರಿಂಗ್ ಕಂಡರೆ ಹೊಟ್ಟೆ ಉರಿಯುತ್ತದೆ. ಮಾಕುಟ್ಟ ಘಾಟಿಯ ಮಂಜಿಗೆಂದು ಜೀಪಿನ ಬಂಪರಿಗೆ ಎಕ್ಸ್‌ಟ್ರಾ ಲೈಟು ಹಾಕಿಸಿಕೊಂಡವರು ಯಾರೇ ಬರಲಿ, ಬಾನೆಟ್ ಎತ್ತುವ ಮೊದಲೇ "ಯಾವನ್ರೀ ಇದನ್ನ ಮಾಡ್ದೋನು?" ಎಂದು ಶುರುಮಾಡುತ್ತಾನೆ. ರಿಲೇ ಇಲ್ಲದಿದ್ದರೆ "ಸ್ವಿಚ್ಚು ಸುಟ್ಟು ಹೋಗ್ಲಿ ಅಂತಾನೇ ಹಾಕಿಲ್ಲ", ಇದ್ದರೆ "ಎರಡು ಲೈಟಿಗೆ ಇಷ್ಟು ದೊಡ್ಡ ರಿಲೇನಾ? ಬರೀ ಶೋಕಿ!" ಮಡಿಕೇರಿಯಲ್ಲಿ ಮಾಡಿಸಿದ್ದು ಅಂತ ಬಾಯಿತಪ್ಪಿ ಹೇಳಿದರೆ ಮುಗಿಯಿತು, ಆ ಗಾಡಿಯನ್ನು ಸಂಜೆವರೆಗೂ ಮುಟ್ಟುವುದಿಲ್ಲ. ಮೊನ್ನೆ ಕಾಫಿ ತೋಟದ ಮೋಹನ ಹಳೇ ಪಿಕಪ್ ತಂದು, ಸ್ವಿಚ್ ಪ್ಯಾನೆಲ್ಲಿಗೆ ಇನ್ನೊಂದು ಲೈಟು ಸೇರಿಸಿಕೊಡಿ ಎಂದ. ಲೋಕಣ್ಣ ಪ್ಯಾನೆಲ್ ಬಿಚ್ಚಿ ಇಣುಕಿದ. ತಂತಿಗಳೆಲ್ಲ ಬಾಚಿ ಜಡೆ ಹೆಣೆದ ಹಾಗಿದ್ದವು. ಪ್ರತಿ ಸ್ವಿಚ್ಚಿಗೂ ಬೇರೆ ಫ್ಯೂಸು, ತಗಡು ದಾಟುವ ಕಡೆಯೆಲ್ಲ ತಂತಿ ಉಜ್ಜದಂತೆ ರಬ್ಬರು. ಹತ್ತು ನಿಮಿಷ ತಡಕಾಡಿದರೂ ಒಂದೇ ಒಂದು ತಪ್ಪು ಸಿಗಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು, "ಯಾವನ್ ಮಾಡಿದ್ದೋ ಇದು?" ಎಂದ. "ನೀವೇ ಅಲ್ವಾ ಲೋಕಣ್ಣ, ನಮ್ಮಪ್ಪ ಇದ್ದಾಗ," ಎಂದ ಮೋಹನ, "ಹನ್ನೆರಡು ವರ್ಷ ಆಯ್ತು." ಲೋಕಣ್ಣ ತನ್ನ ಕೈ ನೋಡಿಕೊಂಡ. ಹೋದ ವರ್ಷದಿಂದ ಹಿಡಿದ ನಡುಕಕ್ಕೆ ಸ್ಕ್ರೂಡ್ರೈವರ್ ಆಗಲೇ ಎರಡು ಸಲ ಜಾರಿತ್ತು. ಮತ್ತೊಮ್ಮೆ ಆ ತಂತಿಗಳನ್ನು ದುರುಗುಟ್ಟಿ ನೋಡಿ, "ಆ ಬಡ್ಡಿಮಗನಿಗೇನು," ಎಂದ, "ಕೈ ನಡುಗ್ತಿರ್ಲಿಲ್ಲ."