ಈರುಳ್ಳಿ ರಾಣಿಯ ಕಂಡೋಲ್

ನಮ್ಮ ಟೆಚಿಮಾನ್ ಊರಿನ ಸಂತೆಯಲ್ಲಿ ಈರುಳ್ಳಿ ಮಾರುವ ಹೆಂಗಸರಿಗೆಲ್ಲ ಅಫುವಾ ಸಾರ್ಪೊಮಾ ರಾಣಿ. ಕಿರೀಟ ಇರಲಿಲ್ಲ, ಬಾಯಿ ಇತ್ತು. ಅವಳ ದನಿ ಕೇಳಿದರೆ ಲಾರಿ ಡ್ರೈವರುಗಳು ಹಾರ್ನ್ ನಿಲ್ಲಿಸುತ್ತಿದ್ದರು. ಟೊಮೆಟೊ ಮಾರುವವರ ರಾಣಿ ಬಿರಾಗೊಗೂ ಇವಳಿಗೂ ಎಣ್ಣೆ-ಸೀಗೆಕಾಯಿ. ನೆರಳಿನ ಚಪ್ಪರದ ಜಾಗಕ್ಕೆ ಶುರುವಾದ ಜಗಳ, ಮಾತು ಬಿಟ್ಟು ಎಷ್ಟೋ ಮಳೆಗಾಲ ಕಳೆದಿತ್ತು.

ಬಿರಾಗೊಳ ಗಂಡ ತೀರಿಕೊಂಡ. ಸಾವಿನ ಮನೆಯಲ್ಲಿ ಸಂತೆಯ ಪರವಾಗಿ ಮಾತಾಡುವ ಸರದಿ ಅಫುವಾಳದೇ. ದೊಡ್ಡ ಅಧಿಕಾರಿಗಳು ಬರುತ್ತಾರೆ, ಅವರೆದುರು ಒಂದು ಇಂಗ್ಲಿಷ್ ಮಾತು ಒಗೆಯಬೇಕು, ಬಿರಾಗೊಳ ಜಂಬ ಇಳಿಯಬೇಕು ಅಂತ ನಾನು ಇಂಗ್ಲಿಷ್ ಕಲಿಸುವ ಸಂಜೆಶಾಲೆಗೆ ಬಂದಳು. ನಾನು ‘ಕಂಡೋಲ್’ ಕಲಿಸಿದೆ. ಸತ್ತವರ ಮನೆಯವರಿಗೆ ಮಂತ್ರಿಗಳು ಪತ್ರಿಕೆಯಲ್ಲಿ ಹೇಳುವ ಪದ, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ಹುಟ್ಟಿದ್ದು ಲ್ಯಾಟಿನ್ನಿನಲ್ಲಿ: ಜೊತೆಗೆ ನೋಯುವುದು ಅಂತ ಅದರ ಮೂಲ.

“ಹಂಗಾದ್ರೆ ನಂಗೆ ನೋವಾಗಿರ್ಬೇಕಾ, ಟೀಚರಮ್ಮ?”

ಎಲ್ಲರೂ ಸುಮ್ಮನೆ ಹೇಳುತ್ತಾರೆ, ನೀನೂ ಹೇಳು ಅಂದೆ. ಮಹಾರಾಯಗಿತ್ತಿ ಮುಖ ಗಂಟಿಕ್ಕಿ ಎದ್ದುಹೋದಳು. ಯಾರಾದರೂ ಮೂಟೆಯ ತಳದಲ್ಲಿ ಕೊಳೆತದ್ದು ತುಂಬಿ ಮಾರಿದರೆ ಮೂಟೆಯನ್ನೇ ಬೀದಿಗೆ ಸುರಿಸುತ್ತಿದ್ದವಳು ಅವಳು. ಮಾತಿನಲ್ಲೂ ಹಾಗೇ ಅಂತ ನನಗೆ ಆಗ ಹೊಳೆಯಲಿಲ್ಲ.

ಸಾವಿನ ಮನೆಯಲ್ಲಿ ಎಲ್ಲರದೂ ಕೆಂಪು, ಕಪ್ಪು ಬಟ್ಟೆ. ಬಿರಾಗೊ ಮತ್ತು ಮನೆಯವರು ಸಾಲಾಗಿ ಕೂತಿದ್ದರು; ಎಲ್ಲರ ಕೈಕುಲುಕಿ ನಾವೂ ಕೂತೆವು, ನೀರು ಕೊಟ್ಟರು. ಗೊತ್ತಿದ್ದರೂ ಬಂದ ಕಾರಣ ಕೇಳುವುದು ನಮ್ಮಲ್ಲಿ ಪದ್ಧತಿ. ಮನೆಯ ಹಿರಿಯ ಕೇಳಿದ. ಅಫುವಾ ಎದ್ದಳು.

“ಒಂದು ಇಂಗ್ಲಿಷ್ ಮಾತು ಕಲ್ತ್ಕೊಂಡು ಬಂದೀನಿ, ಬಿರಾಗೊ. ನಿನ್ ಜೊತೆ ನೋಯ್ತೀನಿ ಅಂತ ಅದರರ್ಥ. ನಿನ್ ಗಂಡ ಹೋದ ಸುದ್ದಿ ಬಂದಾಗ ನಂಗೆ ನೋವಾಗ್ಲಿಲ್ಲ. ಸ್ವಲ್ಪ ದಿನ ಇವಳ ಕಾಟ ತಪ್ತು ಅಂದ್ಕೊಂಡೆ. ಈಗ ನಿನ್ ಕೈ ಹಿಡಿದೆನಲ್ಲ, ತಣ್ಣಗಿತ್ತು. ಈಗ ನೋಯ್ತಿದೆ. ಅದಕ್ಕೇ ಈಗ ಹೇಳ್ತೀನಿ.”

ಆಮೇಲೆ ಒಂದಕ್ಷರ ತಡವರಿಸದೆ ಹೇಳಿದಳು: “ಐ ಕಂಡೋಲ್ ವಿತ್ ಯೂ.”

ಅಧಿಕಾರಿಗಳು ನೆಲ ನೋಡುತ್ತಿದ್ದರು. ಪದ್ಧತಿಯಂತೆ ಬಿರಾಗೊ ಉತ್ತರವನ್ನು ಹಿರಿಯನ ಬಾಯಿಂದ ಹೇಳಿಸಬೇಕಿತ್ತು. ಹೇಳಿಸಲಿಲ್ಲ, ತಾನೇ ಹೇಳಿದಳು.

“ನಿಮ್ಮಮ್ಮ ಸತ್ತಾಗ ನಾನೂ ಬಂದು ಕೈಕುಲುಕಿದ್ದೆ. ನಂಗೂ ನೋವಾಗಿರ್ಲಿಲ್ಲ ಕಣೆ. ಬಾ, ಇಲ್ಲಿ ಕೂತ್ಕೊ.”

ಅಫುವಾ ಹೋಗಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. ಅಂಥ ಎದೆಗಾರಿಕೆಯ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ. ಸಂಜೆ ನಾನು ಹೊರಡುವಾಗ ಇಬ್ಬರೂ ಪಿಸುದನಿಯಲ್ಲಿ ಅದೇ ಚಪ್ಪರದ ಜಗಳ ಆಡುತ್ತಿದ್ದರು. ಹಿಡಿದ ಕೈ ಬಿಟ್ಟಿರಲಿಲ್ಲ.