ಲಕ್ಕಮ್ಮನ ಸಿಆರ್‌ಪಿ

ವಿಜಯಪುರದ ಲಕ್ಕಮ್ಮನಿಗೆ ಸಂಧಿವಾತ, ಜೊತೆಗೆ ಥೈರಾಯ್ಡು. ಎದುರು ಸಿಕ್ಕವರನ್ನು ಆಕೆ ಊಟ ಆಯ್ತಾ ಎಂದು ಕೇಳುವುದಿಲ್ಲ, "ನಿಂದು ಟಿಎಸ್‌ಎಚ್ ಎಷ್ಟಮ್ಮಾ?" ಎನ್ನುತ್ತಾಳೆ. ಆ ಥೈರಾಯ್ಡು ಅಂಕಿ ತನ್ನದಕ್ಕಿಂತ ಕಡಿಮೆ ಇದ್ದರೆ ಆ ದಿನವೆಲ್ಲ ಮುಖ ಗಂಟು. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಇಳಿದರೆ ಬೆರಳುಗಳು ಮೊದಲಿನಂತೆ ಮಡಚುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಸಿಟ್ಟು ಮಾಡಿಕೊಂಡರೆ ರಕ್ತ ಕಾದು ಅದು ಏರುತ್ತದೆಂಬುದು ಮಾತ್ರ ಲಕ್ಕಮ್ಮನದೇ ಸಂಶೋಧನೆ. ಹಾಗಾಗಿ ಟೆಸ್ಟಿಗೆ ರಕ್ತ ಕೊಡುವ ಮುಂಚಿನ ಮೂರು ದಿನ ನಂಜಿನ ಬದನೆಕಾಯಿಯೂ ಇಲ್ಲ, ಸೊಸೆಗೆ ಬೈಗುಳವೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ "ಚೆನ್ನಾಗದೆ ಕಣಮ್ಮಾ" ಎಂದು ಕಣ್ಣು ಮುಚ್ಚಿ ನುಂಗುತ್ತಾಳೆ. ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಲ್ಯಾಬಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಬೈಗುಳ ಮತ್ತೆ ಶುರು. "ಈ ಟೆಸ್ಟು ವಾರವಾರ ಮಾಡಿ ಸಾರ್" ಎಂದು ಸೊಸೆ ನವ್ಯಶ್ರೀ ಲ್ಯಾಬಿನವರನ್ನು ಬೇಡಿಕೊಂಡದ್ದೂ ಉಂಟು. ಆದರೆ ಬೆಳಗ್ಗೆ ಎದ್ದಾಗ ಲಕ್ಕಮ್ಮನ ಬೆರಳುಗಳು ಸೆಟೆದುಕೊಂಡಿರುತ್ತವೆ. ರವಿಕೆಯ ಹುಕ್ಕು ಹಾಕಿಕೊಡುವವಳು ನವ್ಯಶ್ರೀಯೇ. ಹಾಕಿ ಮುಗಿಸುವವರೆಗೂ ಅತ್ತೆ ಗೋಡೆ ನೋಡಿಕೊಂಡು ಬೈಯುತ್ತಲೇ ಇರುತ್ತಾಳೆ. ಬೈಯುವಂತಿಲ್ಲದ ಆ ಮೂರು ಬೆಳಿಗ್ಗೆ ಮಾತ್ರ ಆಕೆಯ ಕಣ್ಣು ತುಂಬಿ ಬರುತ್ತದೆ. ಆಗ ನವ್ಯಶ್ರೀ ಹುಕ್ಕು ಹಾಕುತ್ತಲೇ, ತಲೆ ಎತ್ತದೆ, "ಬೈರಿ ಅತ್ತೆ, ಸಿಆರ್‌ಪಿ ಏರಿದ್ರೆ ಏರ್ಲಿ" ಎನ್ನುತ್ತಾಳೆ.